ಸಹಾಯ ಬೇಕು: ಮೊದಲ 9 ಎಂಎಂ ಪಿಸ್ತೂಲ್, ಬಜೆಟ್ 600 ಡಾಲರ್ ಒಳಗೆ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ನಾನು, ನನ್ನ ಹೆಂಡತಿ ಇಬ್ಬರೂ ರೇಂಜ್‌ನಲ್ಲಿ ಗುರಿ ಅಭ್ಯಾಸ ಮಾಡಲು ಒಂದು ಸೆಮಿ ಆಟೊಮ್ಯಾಟಿಕ್ ಪಿಸ್ತೂಲ್ ಕೊಳ್ಳಬೇಕು ಅಂತಿದ್ದೇವೆ.

ಗ್ಲಾಕ್ 19 ಬಾಡಿಗೆಗೆ ತಗೊಂಡು ಹೊಡೆದು ನೋಡಿದೆವು. ನನಗೆ ಇಷ್ಟವಾಯಿತು. ಬಿಡಿಭಾಗ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಎಲ್ಲ ಕಡೆ ಸಿಗುತ್ತವೆ, ಬಿಚ್ಚಿ ಒರೆಸುವುದೂ ಸುಲಭ. ಆದರೆ ಸ್ಲೈಡ್ (ಗುಂಡು ಲೋಡ್ ಮಾಡಲು ಹಿಂದಕ್ಕೆಳೆಯುವ ಮೇಲಿನ ಭಾಗ) ಎಳೆಯಲು ಹೆಂಡತಿಗೆ ಕಷ್ಟವಾಗುತ್ತದೆ, ಸ್ಪ್ರಿಂಗ್ ಬಿಗಿ. ಗುಂಡು ಹಾರದಂತೆ ಬೆರಳಿನಿಂದ ಹಾಕುವ ಸೇಫ್ಟಿಯೂ ಅದರಲ್ಲಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದೆ, ಹಾಗಾಗಿ ನನಗೆ ಇದು ಸಣ್ಣ ವಿಷಯ ಅಲ್ಲ. ಬೀಗದ ಪೆಟ್ಟಿಗೆಯನ್ನಂತೂ ಮೊದಲೇ ತರುತ್ತೇವೆ, ಅದರ ಖರ್ಚು ಈ ಬಜೆಟ್‌ನಲ್ಲಿ ಸೇರಿಲ್ಲ.

ಸ್ಮಿತ್ ಆಂಡ್ ವೆಸನ್ ಶೀಲ್ಡ್ ಇಝಡ್‌ನ ಸ್ಲೈಡ್ ಹಗುರ, ಸೇಫ್ಟಿ ಇರುವ ಮಾದರಿಯೂ ಸಿಗುತ್ತದೆ. ಆದರೆ ಮ್ಯಾಗಜೀನ್‌ನಲ್ಲಿ 8 ಗುಂಡು ಮಾತ್ರ, ಗ್ಲಾಕ್‌ನಲ್ಲಿ 15. ರೇಂಜ್‌ನಲ್ಲಿ ಪದೇ ಪದೇ ತುಂಬುವುದು ಬೇಜಾರಾಗುತ್ತದಾ? ಸೀಝಡ್ ಪಿ-10 ಸಿ ಟ್ರಿಗರ್ ಚೆನ್ನಾಗಿದೆ ಅಂತ ಜಾಸ್ತಿ ಜನ ಹೇಳುತ್ತಾರೆ, ನಾವಿನ್ನೂ ಹಿಡಿದು ನೋಡಿಲ್ಲ.

ಇವುಗಳನ್ನು ವರ್ಷಗಟ್ಟಲೆ ಬಳಸಿದವರು ದಯವಿಟ್ಟು ಹೇಳಿ. ಕೈಬಲ ಕಡಿಮೆ ಇರುವವರಿಗೆ ಯಾವುದು ಒಗ್ಗಿತು? ಬಳಸಿದ ಪಿಸ್ತೂಲ್ ಕೊಳ್ಳುವುದಾದರೆ ಅಂಗಡಿಯಲ್ಲಿ ಏನೇನು ನೋಡಬೇಕು? ಮಹಿಳೆಯರ ಅನುಭವ ತಿಳಿದರೆ ತುಂಬಾ ಉಪಕಾರ.