ಮಗಳು ಕೆರಿಬಿಯನ್ ರೆಸಾರ್ಟಿಗೆ ಕರೀತಿದಾಳೆ: ಮೊಟ್ಟೆಯನ್ನೂ ತಿನ್ನದ ನಮಗೆ ಯಾವ ಊರು ಆಗತ್ತೆ?

ಹೊಸನಗರದವಳು:

ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ನಾಲ್ಕೆಕರೆ ಅಡಿಕೆ ತೋಟ. ಮಗಳು, ಅಳಿಯ, ಐದು ವರ್ಷದ ಮೊಮ್ಮಗ ನ್ಯೂಜೆರ್ಸಿಯಲ್ಲಿದ್ದಾರೆ. ಕೊಯ್ಲು, ಸುಲಿಯೋದು, ಬೇಯಿಸಿ ಒಣಗಿಸೋದು ಎಲ್ಲ ಮುಗಿಸಿ ಮಾರ್ಚ್ ಕೊನೆಗೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಮೇ ಮುಗಿಯೋದರೊಳಗೆ ವಾಪಸ್ ಬರಲೇಬೇಕು. ಮೊದಲ ಬೋರ್ಡೋ ಔಷಧಿ ಹೊಡೆಯೋದು ತಪ್ಪಿ, ಮಳೆ ಹಿಡಿದ ಮೇಲೆ ಅಡಿಕೆಗೆ ಕೊಳೆರೋಗ ಶುರುವಾದರೆ ನಮ್ಮನೆಯವರು ಮುಂದಿನ ಹತ್ತು ವರ್ಷ ಅದನ್ನೇ ಹೇಳ್ತಾರೆ.

ಈ ಏಪ್ರಿಲ್‌ಗೆ ನಮ್ಮ ಮದುವೆಯಾಗಿ 40 ವರ್ಷ. ಅದಕ್ಕೆ ಮಗಳು ಕೆರಿಬಿಯನ್ ಸಮುದ್ರದ ಕಡೆ ಯಾವುದಾದರೂ 'ಆಲ್ ಇನ್‌ಕ್ಲೂಸಿವ್' (ರೂಮು, ಊಟ, ಕುಡಿಯೋದು ಎಲ್ಲ ಒಂದೇ ರೇಟಲ್ಲಿ ಸೇರಿರೋ) ರೆಸಾರ್ಟಲ್ಲಿ ನಾಲ್ಕು ರಾತ್ರಿ ಬುಕ್ ಮಾಡ್ತೀನಿ, ನೀವೇ ಆರಿಸಿ ಅಂತ ವಾಟ್ಸಾಪಲ್ಲಿ ಮೂರು ಊರಿನ ಲಿಂಕ್ ಕಳಿಸಿದ್ದಾಳೆ. ಡೊಮಿನಿಕನ್ ರಿಪಬ್ಲಿಕ್ಕಿನ ಪುಂಟಾ ಕಾನಾ, ಜಮೈಕಾದ ಮಾಂಟೆಗೋ ಬೇ, ಮತ್ತೆ ಅರೂಬಾ. ಆರಿಸೋದು ಹೇಗೆ ಮಾರಾಯ್ರೆ? ಎಲ್ಲದರಲ್ಲೂ ಅದೇ ನೀಲಿ ನೀರು, ಅದೇ ಬಿಳಿ ಮಂಚ, ಅದೇ ಟೋಪಿ ಹಾಕಿದ ಹೆಂಗಸು. ಒಂದೇ ಫೋಟೊವನ್ನ ಮೂರು ಸಲ ನೋಡಿದ ಹಾಗಿದೆ.

ನಾವು ಮೊಟ್ಟೆಯನ್ನೂ ತಿನ್ನಲ್ಲ. ಇವರು ಸಂಜೆ ಒಂದು ಲೋಟ ಕಷಾಯ ಬಿಟ್ಟರೆ ಬೇರೆ ಎಂತದೂ ಕುಡಿಯಲ್ಲ. ಊರವರೆಲ್ಲ ಕುಡಿಯೋದಕ್ಕೆ ನಾವು ದುಡ್ಡು ಕೊಟ್ಟ ಹಾಗೆ ಆಗಲ್ವಾ? ಇವರ ಮಂಡಿ ನೋವು ಬೇರೆ, ಮೆಟ್ಟಿಲು ಕಷ್ಟ. ಇವರನ್ನ ಕೇಳಿದರೆ, "ನೀರು ನೋಡೋಕೆ ಅಷ್ಟು ದೂರ ಎಂತಕ್ಕೆ, ಶರಾವತಿ ಹಿನ್ನೀರು ಗದ್ದೆ ದಾಟಿದರೆ ಸಿಗತ್ತಲ್ಲ" ಅಂತಾರೆ. ಅಜ್ಜನ ಮನೆ ಮುಳುಗಿರೋ ನೀರು ಅದು, ರಜೆಗೆ ಹೋಗಿ ಕೂರೋ ಜಾಗ ಅಲ್ಲ ಅಂತ ನಾನು ಅಂದೆ. ಹೋಗಿ ಬಂದವರು ಇದ್ದರೆ ತಿಳಿಸಿ.

ತೀರ್ಥಹಳ್ಳಿ ಹೋಮ್‌ಸ್ಟೇ:

ಅಕ್ಕಾ, ಕೆರಿಬಿಯನ್ ನಾನು ಕ್ರಿಕೆಟಲ್ಲಿ ಮಾತ್ರ ನೋಡಿದ್ದು. ಆದರೆ ತಲೆಗೆ ಇಷ್ಟು ಅಂತ ತಗೊಂಡು ಊಟ ಹಾಕೋ ವ್ಯಾಪಾರ ನನ್ನದೂ ಹೌದು, ಹಾಗಾಗಿ ಒಳಗಿನ ಲೆಕ್ಕ ಹೇಳ್ತೀನಿ. ಹತ್ತು ಜನ ಬಂದರೆ ಇಬ್ಬರು ತಲಾ ಹತ್ತು ಕಡುಬು ಹೊಡೀತಾರೆ, ನಾಲ್ವರು ಎರಡಕ್ಕೇ ಕೈ ತೊಳೀತಾರೆ. ಆ ನಾಲ್ವರಿಂದ ನಮ್ಮ ಮನೆ ನಡೆಯೋದು. ಅಲ್ಲಿ ನೀವು ಆ ನಾಲ್ವರ ಪೈಕಿ, ಅದರಲ್ಲಿ ಅನುಮಾನ ಬೇಡ. ಲೆಕ್ಕ ಇಷ್ಟೇ: ಕುಡಿಯದೇ, ಮಾಂಸ ತಿನ್ನದೇ, ರೂಮು ಮತ್ತು ಸಮುದ್ರಕ್ಕೇ ಆ ದುಡ್ಡು ಸರಿ ಅನ್ನಿಸತ್ತಾ? ಇಲ್ಲ ಅಂದರೆ ಬರೀ ರೂಮು, ಬೆಳಗಿನ ತಿಂಡಿ ಇರೋ ಹೋಟೆಲೇ ವಾಸಿ.

ಇನ್ನೊಂದು, ವೆಬ್‌ಸೈಟಲ್ಲಿ ದೊಡ್ಡ ಅಕ್ಷರದಲ್ಲಿರೋ ರೇಟು ಒಬ್ಬರದ್ದೋ ರೂಮಿನದ್ದೋ ನೋಡಿ. ಇಬ್ಬರು ಒಂದು ರೂಮಲ್ಲಿದ್ದರೆ ಒಬ್ಬರಿಗೆ ಇಷ್ಟು ಅಂತ ಹಾಕಿರ್ತಾರೆ, ಒಂದು ರಾತ್ರಿಗೆ ಅನ್ನೋದು ಸಣ್ಣ ಅಕ್ಷರದಲ್ಲಿ. ಆ ಆಟ ನಮಗೂ ಗೊತ್ತು, ಅದಕ್ಕೇ ಹೇಳಿದೆ.

ಸಾಗರದಿಂದ ಎಡಿಸನ್‌ಗೆ:

ಅಮ್ಮಾ, ಹೋದ ವರ್ಷ ಏಪ್ರಿಲಲ್ಲಿ ನಾನು ಅಪ್ಪ ಅಮ್ಮನ್ನ ಪುಂಟಾ ಕಾನಾಕ್ಕೆ ಕರ್ಕೊಂಡು ಹೋಗಿದ್ದೆ. ರೆಸಾರ್ಟಿನ ಹೆಸರು ಬೇಡ. ತಪ್ಪು ಅವರದ್ದು ಅರ್ಧ, ಸರಿಯಾಗಿ ಕೇಳದ ನನ್ನದು ಅರ್ಧ.

ಮೊದಲು ಮಂಡಿ ನೋವಿನ ವಿಷಯ, ಯಾಕೆಂದರೆ ನಾವು ಸೋತಿದ್ದೇ ಅಲ್ಲಿ. ಇವು ಹೋಟೆಲ್ ಅಲ್ಲ, ಒಂದು ಸಣ್ಣ ಊರು. ನಾನು ಕಮ್ಮಿ ರೇಟಿಗೆ ಆಸೆಪಟ್ಟು 'ಗಾರ್ಡನ್ ವ್ಯೂ' ತಗೊಂಡೆ. ಗಾರ್ಡನ್ ಅಂದರೆ ಗೇಟಿನ ಹತ್ತಿರದ ಕೊನೇ ಬ್ಲಾಕು, ಮೂರನೇ ಮಹಡಿ, ಲಿಫ್ಟ್ ಇಲ್ಲ. ತಿಂಡಿಗೆ ಹೋಗೋಕೆ ಹನ್ನೆರಡು ನಿಮಿಷ ನಡಿಗೆ. ಓಡಾಡಿಸೋಕೆ ಬ್ಯಾಟರಿ ಗಾಡಿ ಇತ್ತು, ಫೋನ್ ಮಾಡಿದರೆ ಇಪ್ಪತ್ತು ನಿಮಿಷಕ್ಕೆ ಬರ್ತಿತ್ತು. ಎರಡನೇ ದಿನ ಅಮ್ಮ ರೂಮಲ್ಲೇ ಕೂತು ಚಟ್ನಿಪುಡಿ ಹಚ್ಚಿಕೊಂಡು ಬ್ರೆಡ್ ತಿಂದರು. ಹಾಗಾಗಿ ಸ್ಟಾರ್ ಎಷ್ಟು ಅಂತ ನೋಡಬೇಡಿ. ರೆಸಾರ್ಟಿನ ನಕ್ಷೆ ತರಿಸಿಕೊಂಡು, ದೊಡ್ಡ ಊಟದ ಹಾಲ್ ಎಲ್ಲಿದೆ ನೋಡಿ, ಅದಕ್ಕೆ ಹತ್ತಿರದ ಬ್ಲಾಕಲ್ಲಿ ನೆಲದ ಮಹಡಿ ಅಥವಾ ಲಿಫ್ಟ್ ಇರೋ ಕಡೆ ರೂಮು ಬೇಕು ಅಂತ ಇಮೇಲಲ್ಲಿ ಬರೆಸಿಕೊಳ್ಳಿ.

ಊಟದ್ದು ದೊಡ್ಡ ಕತೆ. ಬಫೆಯಲ್ಲಿ ಅನ್ನ, ಪಕ್ಕದಲ್ಲಿ ಕೆಂಪು ರಾಜ್ಮಾ ಕಾಳಿನ ಸಾರಿನ ಥರದ್ದು. ಅಮ್ಮನಿಗೆ ಖುಷಿಯೋ ಖುಷಿ, ಎರಡು ಸೌಟು ಬಡಿಸಿಕೊಂಡರು. ನಾನು ಬಾಣಸಿಗನ್ನ ಕೇಳಿದ ಮೇಲೆ ಗೊತ್ತಾಯ್ತು, ಅದಕ್ಕೆ ಹಂದಿಮಾಂಸದ ತುಂಡು ಹಾಕಿ ಬೇಯಿಸ್ತಾರಂತೆ. ತಟ್ಟೆ ಹಾಗೇ ಬಿಟ್ಟು ಎದ್ದರು. ಅಲ್ಲಿ 'ವೆಜಿಟೇರಿಯನ್' ಅಂದರೆ ಕಣ್ಣಿಗೆ ಮಾಂಸ ಕಾಣದಿದ್ದರೆ ಆಯ್ತು. ಕೋಳಿ ಬೇಯಿಸಿದ ನೀರು ಲೆಕ್ಕಕ್ಕಿಲ್ಲ. ಸ್ಪ್ಯಾನಿಷಲ್ಲಿ ಒಂದೊಂದೂ ಬಿಡಿಸಿ ಹೇಳಬೇಕು: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಸೆರ್ದೊ, ಸಿನ್ ವೇವೊ. ಮಾಂಸ, ಕೋಳಿ, ಮೀನು, ಹಂದಿ, ಮೊಟ್ಟೆ ಬೇಡ ಅಂತ. ನಾನು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟೆ, ಆಮೇಲೆ ತೊಂದರೆ ಇಲ್ಲ. ಪಾಸ್ತಾ ಮಾಡೋ ಹುಡುಗ ಅಮ್ಮನ್ನ ನೋಡಿದ ಕೂಡಲೇ ಬೇರೆ ಬಾಣಲೆ ತೆಗೀತಿದ್ದ. ಬೆಳಿಗ್ಗೆ 'ಮಂಗೂ' ಅಂತ ಬಾಳೆಕಾಯಿ ಬೇಯಿಸಿ ಕಿವುಚಿದ್ದು ಇರತ್ತೆ. ಮೇಲೆ ಇಡೋ ಸಲಾಮಿ, ಮೊಟ್ಟೆ ಬೇಡ ಅಂದರೆ ನಮ್ಮ ಬಾಯಿಗೆ ಒಗ್ಗತ್ತೆ.

ಎಲ್ಲ ಸೇರಿದೆ ಅಂದರೂ ಎಲ್ಲ ಸೇರಿರಲ್ಲ. ಏರ್‌ಪೋರ್ಟಿಂದ ಗಾಡಿ, ಮಸಾಜ್, ಮೋಟರ್ ಬೋಟಿನ ಆಟ ಸಾಧಾರಣ ಬೇರೆ ದುಡ್ಡು. ರೆಸಾರ್ಟಿನ ಒಳಗೇ ಬುಕ್ ಮಾಡಿ ಕೂರೋ ಊಟದ ಹೋಟೆಲುಗಳಿಗೆ ಕೆಲವು ಕಡೆ ಇಷ್ಟೇ ಸಲ ಅಂತ ಲೆಕ್ಕ, ಮೊದಲ ದಿನವೇ ಹೋಗಿ ಬರೆಸಬೇಕು. ಅಂಥ ಕಡೆ ಗಂಡಸರಿಗೆ ಚಡ್ಡಿ ನಡೆಯಲ್ಲ. ಅಪ್ಪ ಪಂಚೆಯನ್ನ ಅರ್ಧಕ್ಕೆ ಎತ್ತಿ ಕಟ್ಟಿ ಬಂದಿದ್ದರು, ಬಾಗಿಲಲ್ಲಿದ್ದ ಹುಡುಗಿ ಮಂಡಿ ನೋಡಿದಳು, ನಾನು ಅಪ್ಪನ್ನ ನೋಡಿದೆ. ಪಂಚೆ ಇಳಿಸಿದರು, ಒಳಗೆ ಬಿಟ್ಟಳು.

ಕಷಾಯ ಅಂದಿರಲ್ಲ, ಅದಕ್ಕೇ ಇದನ್ನ ಹೇಳಲೇಬೇಕು. ಅಲ್ಲಿ ಮರದ ಚಕ್ಕೆ, ಬೇರು ತುಂಬಿದ ಬಾಟಲಿ ಎಲ್ಲಾ ಕಡೆ ಇಟ್ಟಿರ್ತಾರೆ, 'ಮಾಮಾ ಹುವಾನಾ' ಅಂತ. ಅಪ್ಪ ಅದನ್ನ ನೋಡಿ "ಓ, ಇವರೂ ಕಷಾಯ ಮಾಡ್ತಾರೆ" ಅಂತ ಕೈ ಚಾಚಿದರು. ಅದು ರಮ್ಮು, ಕೆಂಪು ವೈನು, ಜೇನುತುಪ್ಪ. ಮೂಗಿನ ಹತ್ತಿರ ಹೋಗೋ ಹೊತ್ತಿಗೆ ಅಮ್ಮ ಕಿತ್ತುಕೊಂಡರು. ಅಪ್ಪ ಇವತ್ತಿಗೂ "ವಾಸನೆ ಚೆನ್ನಾಗಿತ್ತು" ಅಂತಾರೆ.

ಹೊಸನಗರದವಳು:

ನಕ್ಕೂ ನಕ್ಕೂ ಸಾಕಾಯ್ತು. ನಮ್ಮನೆಯವರಿಗೆ ಓದಿ ಹೇಳಿದೆ, ಪಂಚೆಯ ವಿಷಯ ಮಾತ್ರ ಎರಡು ಸಲ ಕೇಳಿದರು. ಜಮೈಕಾ, ಅರೂಬಾ ನೋಡಿದವರು ಯಾರಾದರೂ? ಏಪ್ರಿಲಲ್ಲಿ ಗಾಳಿ ಮಳೆ ಹೇಗೆ?

ಕೊಪ್ಪದ ಸೊಸೆ, ಫ್ಲೋರಿಡಾ:

ಎರಡೂ ನೋಡಿದ್ದೇನೆ ಅಕ್ಕ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಸೆಪ್ಟೆಂಬರಲ್ಲಿ ಜಾಸ್ತಿ. ಏಪ್ರಿಲಲ್ಲಿ ಆ ಹೆದರಿಕೆ ಇಲ್ಲ. ಆದರೆ 2025ರ ಅಕ್ಟೋಬರ್ ಕೊನೆಗೆ 'ಮೆಲಿಸಾ' ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನ ತುಂಬಾ ಹಾಳು ಮಾಡಿದೆ. ಮಾಂಟೆಗೋ ಬೇ ಕಡೆ ಬುಕ್ ಮಾಡೋ ಮೊದಲು ಪೂರ್ತಿ ತೆರೆದಿದ್ದಾರಾ, ಯಾವುದಾದರೂ ಬ್ಲಾಕ್ ರಿಪೇರಿಯಲ್ಲಿದೆಯಾ ಕೇಳಿ. ಜನ ಹಾಕಿರೋ ಇತ್ತೀಚಿನ ಫೋಟೊಗಳನ್ನ ನೋಡಿ, ರೆಸಾರ್ಟಿನವರು ಹಾಕಿದ್ದನ್ನಲ್ಲ. ರೇಟು ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನ ತನಕ ಏರಿರತ್ತೆ, ಈಸ್ಟರ್ ವಾರ ಕೇಳೋದೇ ಬೇಡ. ಏಪ್ರಿಲ್ ಕೊನೆ, ಮೇ ಮೊದಲ ವಾರ ನಿಮಗೆ ಹೇಳಿ ಮಾಡಿಸಿದ ಹಾಗಿದೆ.

ಆ ಹೊತ್ತಿಗೆ ಬರೋ ತಲೆನೋವು ಬೇರೆ. ಸರ್ಗಾಸಮ್ ಅಂತ ಕಂದು ಬಣ್ಣದ ಕಡಲಪಾಚಿ. 2011ರಿಂದ ಈಚೆಗೆ ರಾಶಿರಾಶಿಯಾಗಿ ತೇಲಿ ಬರ್ತಿದೆ. ದಡದಲ್ಲಿ ಕೊಳೆತರೆ ಕೊಳೆಮೊಟ್ಟೆಯ ವಾಸನೆ. ನೀವು ಮೊಟ್ಟೆ ತಿನ್ನೋರಲ್ಲ, ಹಾಗಾಗಿ ಹೀಗೆ ಹೇಳ್ತೀನಿ: ಅಡಿಕೆ ಸಿಪ್ಪೆ ರಾಶಿ ಆಷಾಢದ ಮಳೆಗೆ ಕೊಳೆತಾಗ ಬರತ್ತಲ್ಲ, ಅದರ ಅಪ್ಪ. ಇದು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿದ ದಡಕ್ಕೆ ಬಂದು ಬೀಳೋದು, ಪುಂಟಾ ಕಾನಾದ ಬವಾರೋ ದಡ ಹಾಗಿರೋದೇ. ಆ ದೇಶವೇ ಬೇಕು ಅಂದರೆ ದಕ್ಷಿಣ ದಡದ ಬಯಾಹಿಬೆ ನೋಡಿ. ಅದೇ ಏರ್‌ಪೋರ್ಟಿಂದ ಸುಮಾರು ಒಂದು ಗಂಟೆ, ಅಲೆ ಕಮ್ಮಿ, ಮೊಮ್ಮಗನಿಗೂ ಒಳ್ಳೇದು. ಯಾವ ರೆಸಾರ್ಟ್ ಆದರೂ ಮೊದಲು ಮ್ಯಾಪ್ ತೆಗೆದು ದಡ ಯಾವ ದಿಕ್ಕಿಗಿದೆ ನೋಡೋದು ನನ್ನ ಅಭ್ಯಾಸ. ಮನೆ ಕಟ್ಟುವಾಗ ವಾಸ್ತು ನೋಡ್ತೇವೆ, ಇದಕ್ಕೂ ನೋಡಿದರೆ ತಪ್ಪೇನು?

ಅರೂಬಾ ಚಂದ, ಆದರೆ ನಮ್ಮ ಕಣ್ಣಿಗೆ ಒಣ ಒಣ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಆಗುಂಬೆಯಲ್ಲಿ ಅಷ್ಟು ಒಂದೆರಡು ವಾರಕ್ಕೇ ಸುರಿಯತ್ತೆ. ಕಳ್ಳಿ ಗಿಡ, ಬಿಡದೆ ಬೀಸೋ ಗಾಳಿ. ದಿವಿ ದಿವಿ ಅಂತ ಒಂದು ಮರ ಆ ಗಾಳಿಗೆ ಒಂದೇ ಕಡೆ ಬಾಗಿ ಬೆಳೆದಿರತ್ತೆ. ಚಂಡಮಾರುತದ ದಾರಿಯಿಂದ ಹೊರಗಿದೆ, ಜೂನ್ ಆಮೇಲೆ ಹೋಗೋರಿಗೆ ಅದೇ ಸರಿ. ಬರುವಾಗ ಅಮೆರಿಕದ ಇಮಿಗ್ರೇಶನ್ ಅಲ್ಲೇ ಮುಗಿಯತ್ತೆ, ಅದೊಂದು ಸುಖ. ಆದರೆ ಊಟ ಸೇರಿಸಿ ಕೊಡೋ ರೆಸಾರ್ಟ್ ಅಲ್ಲಿ ಕಮ್ಮಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಜಮೈಕಾ. ಇಂಗ್ಲಿಷ್ ನಡೆಯತ್ತೆ, ಚೀಟಿ ಬೇಡ. ಅಲ್ಲಿ ಬೆಳಿಗ್ಗೆ 'ಕಲ್ಲಲೂ' ಅಂತ ಒಂದು ಸೊಪ್ಪು ಬಡಿಸ್ತಾರೆ, ಈರುಳ್ಳಿ ಹಾಕಿ ಬಾಡಿಸಿದ್ದು. ಒಂದು ತುತ್ತು ತಿಂದು ನಾನು ಗಂಡನಿಗೆ ಹೇಳಿದೆ, ಇದು ನಮ್ಮ ಹರಿವೆ! ಹೌದು, ಅದೇ ಜಾತಿ. ಉಪ್ಪುಮೀನು ಹಾಕದೆ ಮಾಡಿ ಅನ್ನಿ. ದೀವಿ ಹಲಸನ್ನ ಸುಟ್ಟು ಹೋಳು ಮಾಡಿ ಕೊಡ್ತಾರೆ. ಗುಲಾಮರ ಹೊಟ್ಟೆಗೆ ಅಗ್ಗದಲ್ಲಿ ಆಗಲಿ ಅಂತ ಬ್ರಿಟಿಷರು 1793ರಲ್ಲಿ ತಾಹಿತಿಯಿಂದ ಹಡಗಲ್ಲಿ ತಂದ ಗಿಡ ಅದು. 1845ರಿಂದ ನಮ್ಮ ದೇಶದ ಕೂಲಿಯವರನ್ನೂ ಹಾಗೇ ಹಡಗಲ್ಲಿ ತಂದರು, ಅಲ್ಲಿ ರೊಟ್ಟಿ, ಕರಿ ಬಂದಿದ್ದು ಅವರ ಜತೆ. ಅಲ್ಲಿನ ರಾಸ್ತಫಾರಿ ಪಂಥದವರ 'ಐಟಲ್' ಅಡುಗೆ ಅಂತ ಕೇಳಿ, ಸೊಪ್ಪು, ಗೆಡ್ಡೆ, ತೆಂಗಿನಹಾಲು. ಬಹಳಷ್ಟು ಜನ ಅದರಲ್ಲಿ ಉಪ್ಪೂ ಹಾಕಲ್ಲ. ಅಪ್ಪೆಮಿಡಿ ಬಾಟಲಿ ಜತೆಗಿರಲಿ. ಡನ್ಸ್ ರಿವರ್ ಜಲಪಾತ ಅಂತ ಕರೀತಾರೆ, ಅದು ಬಂಡೆ ಹತ್ತೋ ಆಟ, ಭಾವನವರ ಮಂಡಿಗೆ ಬೇಡ. ಜೋಗ ನೋಡಿದವರಿಗೆ ಅದು ಹೇಗೂ ತೊರೆ.

ಎರಡು ಎಚ್ಚರ. ಬರೀ ದೊಡ್ಡವರಿಗೆ, ಬರೀ ಜೋಡಿಗಳಿಗೆ ಅಂತ ಇರೋ ರೆಸಾರ್ಟುಗಳು ಜಮೈಕಾದಲ್ಲಿ ಬಹಳ, ಅಲ್ಲಿಗೆ ಮೊಮ್ಮಗನನ್ನ ಬಿಡಲ್ಲ. ಮತ್ತೆ ನಿಮ್ಮ ಅಮೆರಿಕದ ವೀಸಾ ಮೇಲೆ 'ಎಂಟ್ರೀಸ್' ಅನ್ನೋ ಕಡೆ 'ಎಂ' ಅಕ್ಷರ ಇದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ನ್ಯೂಜೆರ್ಸಿಗೆ ಬರೋದೇ ಕಷ್ಟ. ಇನ್ಶೂರೆನ್ಸ್ ಅಮೆರಿಕದ ಹೊರಗೂ ನಡೆಯತ್ತಾ ಅಂತ ಅಳಿಯನ ಹತ್ತಿರ ಓದಿಸಿ.

ಹೊಸನಗರದವಳು:

'ಎಂ' ಇದೆ, ಭೂತಗನ್ನಡಿ ಹಿಡಿದು ನೋಡಿದೆ. ಮಗಳು ಜಮೈಕಾದ ಎರಡು, ಬಯಾಹಿಬೆಯ ಒಂದು ರೆಸಾರ್ಟಿಗೆ ಒಂದೇ ಇಮೇಲ್ ಹಾಕಿದಳು: ಊಟದ ಹಾಲಿಗೆ ಹತ್ತಿರ ಕೆಳಗಿನ ರೂಮು ಇದೆಯಾ, ಮೊಟ್ಟೆ ಮಾಂಸ ಇಲ್ಲದೆ ಮೂರು ಹೊತ್ತು ಎಂತ ಹಾಕ್ತೀರಿ. ಇಬ್ಬರು "ಬಗೆಬಗೆಯ ಆಯ್ಕೆಗಳಿವೆ" ಅಂತ ಕಳಿಸಿದರು. ಜಮೈಕಾದ ಇನ್ನೊಬ್ಬರ ಅಡುಗೆಮನೆಯವರು ಹೆಸರು ಹಿಡಿದು ಬರೆದಿದ್ದಾರೆ: ಕಲ್ಲಲೂ, ದೀವಿ ಹಲಸು, ಬೆಂಡೆಕಾಯಿ, ತೆಂಗಿನಹಾಲಿನ ಅನ್ನ, ಬೇಳೆ ಸೂಪು, ಬೇರೆ ಪಾತ್ರೆ. ರೂಮಿನ ನಂಬರೂ ಕೊಟ್ಟಿದ್ದಾರೆ. ಅದೇ ಆಯ್ತು, ಏಪ್ರಿಲ್ 27ರಿಂದ ನಾಲ್ಕು ರಾತ್ರಿ.

ನಮ್ಮನೆಯವರು "ಹರಿವೆ ತಿನ್ನೋಕೆ ಅಷ್ಟು ದೂರವಾ, ಹಿತ್ತಲಲ್ಲೇ ಇದೆಯಲ್ಲ" ಅಂದರು. ಬೋರ್ಡೋ ಹೊಡೆಯೋರಿಗೆ ಮೇ 28ಕ್ಕೆ ಬನ್ನಿ ಅಂತ ಅಡ್ವಾನ್ಸ್ ಕೊಟ್ಟು ಬಂದರು. ಬರುವಾಗ ಎರಡು ಪಂಚೆ ಇಸ್ತ್ರಿಗೂ ಕೊಟ್ಟು ಬಂದಿದ್ದಾರೆ.