ಹೆರಿಗೆಯಾಗಿ ತಿಂಗಳುಗಳು ಕಳೆದರೂ ಸಂಭೋಗದ ವೇಳೆ ನೋವು ಏಕೆ?

ಪ್ರಶ್ನೆ:
ನನಗೆ ಸಹಜ ಹೆರಿಗೆಯಾಗಿ ಏಳು ತಿಂಗಳಾಗಿದೆ. ಆಗ ಕೆಳಗೆ ಹಾಕಿದ ಹೊಲಿಗೆ ಚೆನ್ನಾಗಿ ಮಾಗಿದೆಯೆಂದು ವೈದ್ಯರು ಹೇಳಿದ್ದಾರೆ. ಆದರೂ ಪತಿಯೊಡನೆ ಸೇರುವಾಗ ಯೋನಿಯ ಬಾಯಲ್ಲೇ ಉರಿಯುತ್ತದೆ. ಮರುದಿನ ಮೂತ್ರಕ್ಕೆ ಹೋದಾಗಲೂ ಚುರುಗುಟ್ಟುತ್ತದೆ. ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ, ಮುಟ್ಟು ಮರಳಿಲ್ಲ. ಬಾಣಂತನ ಮಾಡಿದವರಲ್ಲಿ ಇದನ್ನು ಕೇಳಲು ಸಂಕೋಚ. ಈ ನೋವು ಮನಸ್ಸಿನ ಹಿಂಜರಿಕೆಯಿಂದ ಬಂದದ್ದೇ?

ಉತ್ತರ 1:
ಅಲ್ಲ. ಹಾಲುಣಿಸುತ್ತಿರುವುದು, ಮುಟ್ಟು ಮರಳದಿರುವುದು ಎಂಬ ಎರಡು ಸಂಗತಿಗಳಲ್ಲೇ ಕಾರಣದ ದೊಡ್ಡ ಪಾಲು ಇರುವಂತಿದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿರುವಷ್ಟು ಕಾಲ ಅಂಡಾಶಯದ ಕೆಲಸ ತಗ್ಗಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ಇಳಿದಿರುತ್ತದೆ. ಆಗ ಯೋನಿಯ ಒಳಪದರ ತೆಳುವಾಗಿ ಒಣಗುವುದರಿಂದ, ಆಸೆ ಎಷ್ಟಿದ್ದರೂ ತೇವ ಸಾಲುವುದಿಲ್ಲ. ವಯಸ್ಸಾಗಿ ಮುಟ್ಟು ನಿಂತ ನಂತರ ಅನೇಕರಿಗೆ ಆಗುವುದೂ ಇದೇ. ಔಷಧಿ ಅಂಗಡಿಯಲ್ಲಿ ಸಿಗುವ, ನೀರಿನಿಂದ ತಯಾರಿಸಿದ ಜೆಲ್ ಬಳಸಿ ನೋಡಿ. ಮನೆಯಲ್ಲೇ ಇದೆಯೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಆದರೆ ಎಣ್ಣೆ ತಗುಲಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿಯಬಹುದು. ಮೊದಲ ಮುಟ್ಟಿಗೂ ಮುಂಚೆಯೇ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಜೆಲ್ ಸಾಲದಿದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬಗ್ಗೆ ವೈದ್ಯರನ್ನು ಕೇಳಿ. ಮೂತ್ರದ ಉರಿಗೆ ಸೋಂಕು ಕಾರಣವೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.

ಉತ್ತರ 2:
ಇದಕ್ಕೆ ಸ್ನಾಯುವಿನ ಮಾತನ್ನೂ ಸೇರಿಸಬೇಕು. ಒಂದೆರಡು ಬಾರಿ ನೋವುಂಡ ದೇಹ ಮುಂದಿನ ಬಾರಿ ಸ್ಪರ್ಶಕ್ಕೆ ಮುಂಚೆಯೇ ಯೋನಿಯ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಬಿಗಿತದಿಂದ ನೋವು ಇನ್ನಷ್ಟಾಗುತ್ತದೆ. ಇದು ಬೇಕೆಂದು ಮಾಡುವಂಥದ್ದಲ್ಲ, ಆದ್ದರಿಂದ 'ಸಡಿಲ ಬಿಡು' ಎಂದು ಪತಿ ಹೇಳಿದರೆ ಸಡಿಲವಾಗುವುದೂ ಇಲ್ಲ. ಹೊಲಿಗೆಯ ಗೆರೆಯ ಮೇಲೆ ಶುಚಿಯಾದ ಬೆರಳಿನಿಂದ ಮೆಲ್ಲನೆ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ ಗಾಯದ ಕಲೆಯೇ ನೋಯುತ್ತಿರಬಹುದು. ಈ ಎರಡಕ್ಕೂ ಶ್ರೋಣಿಭಾಗದ, ಅಂದರೆ ಸೊಂಟದ ಕೆಳಭಾಗದ ಸ್ನಾಯುಗಳ, ಫಿಸಿಯೋಥೆರಪಿಯಿಂದ ಪ್ರಯೋಜನವಾಗುತ್ತದೆ. ಹೆರಿಗೆಯ ಬಳಿಕ ಎಲ್ಲರಿಗೂ ಹೇಳುವ, ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗೆಲ್ ವ್ಯಾಯಾಮವನ್ನು ಮಾತ್ರ ಕೇಳದೆ ಆರಂಭಿಸಬೇಡಿ, ಏಕೆಂದರೆ ಈಗಾಗಲೇ ಬಿಗಿದಿರುವ ಸ್ನಾಯು ಅದರಿಂದ ಮತ್ತಷ್ಟು ಬಿಗಿಯಬಹುದು.

ಉತ್ತರ 3:
ಇದನ್ನು ಓದುವ ಇತರರಿಗಾಗಿ ಒಂದು ಮಾತು: ನೋವು ಯೋನಿಯ ಬಾಯಲ್ಲಲ್ಲದೆ ಹೊಟ್ಟೆಯ ಆಳದಲ್ಲಿದ್ದು, ಮುಟ್ಟಿನ ದಿನಗಳಲ್ಲಿ ಹಾಸಿಗೆ ಹಿಡಿಸುವಂತಿದ್ದರೆ ಕಾರಣ ಬೇರೆಯೇ ಇರಬಹುದು. ನನಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗ. ಸ್ಕ್ಯಾನ್ ಸರಿಯಾಗಿದೆ, ಮಗುವಾದರೆ ಎಲ್ಲ ಹೋಗುತ್ತದೆ ಎಂದು ಒಬ್ಬ ವೈದ್ಯರು ಕಳುಹಿಸಿಬಿಟ್ಟಿದ್ದರು, ಆದರೆ ಸಾಮಾನ್ಯ ಸ್ಕ್ಯಾನ್‌ನಲ್ಲಿ ಈ ರೋಗ ಕಾಣದೆಯೂ ಇರಬಹುದು. ಸೇರಿದ ಬಳಿಕ ರಕ್ತ ಕಂಡರೆ, ಅಥವಾ ಜ್ವರದೊಡನೆ ದುರ್ವಾಸನೆಯ ಬಿಳಿಸೆರಗು ಇದ್ದರೆ ಜೆಲ್ ಹಚ್ಚುತ್ತಾ ದಿನ ದೂಡದೆ ತಪಾಸಣೆಗೆ ಹೋಗಿ.