"ಬಣ್ಣ ಜಾಸ್ತಿ, ಫೋಟೋ ಕಡಿಮೆ" ಅಂದರೆ ಏನು ಮಾಡೋದು?

ಕೇಳಿದ್ದು: ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಬಣ್ಣ, ಗೆರೆ, ಆಕಾರ, ಟೆಕ್ಸ್ಚರ್ (ಮೇಲ್ಮೈಯ ನಯ-ಒರಟು) ಇಟ್ಟುಕೊಂಡು 10 ಫೋಟೋಗಳ ಸರಣಿ ಕೊಡಬೇಕು. ದೇವರಾಜ ಮಾರುಕಟ್ಟೆಯಲ್ಲಿ ತೆಗೆದದ್ದನ್ನು ತೋರಿಸಿದರೆ ಮೇಡಂ "ಬಣ್ಣ ಜಾಸ್ತಿ, ಫೋಟೋ ಕಡಿಮೆ" ಅಂದರು. ಇರೋದು ಮೊಬೈಲು, ಅಣ್ಣನ ಹಳೇ ಕ್ಯಾಮೆರಾ, 18–55 ಮಿ.ಮೀ. ಜೂಮ್ ಲೆನ್ಸ್. ಏನು ಮಾಡಲಿ?

ಮದುವೆ ಫೋಟೋಗ್ರಾಫರ್, ಮಂಡ್ಯ: ತೆಗೆದದ್ದನ್ನೆಲ್ಲ ಮೊದಲು ಮೊಬೈಲಲ್ಲೇ ಕಪ್ಪು-ಬಿಳುಪು ಮಾಡಿ ನೋಡಮ್ಮ. ಆಗಲೂ ಗೆರೆ, ಆಕಾರ ಕಂಡರೆ ಸರಿ. ಬರೀ ಬೂದು ಗಲಿಬಿಲಿ ಆದರೆ ಮೇಡಂ ಹೇಳಿದ್ದೇ ನಿಜ. ಕುಂಕುಮದ ಅಂಗಡಿಯನ್ನು ಎಲ್ಲರೂ ದೂರ ನಿಂತು ತೆಗೀತಾರೆ. ಆಗ ತಕ್ಕಡಿ, ಕ್ಯಾಲೆಂಡರ್, ಪ್ಲಾಸ್ಟಿಕ್ ಕವರ್ ಎಲ್ಲ ಒಳಗೆ ಬರುತ್ತವೆ. ಲೆನ್ಸ್ 55ಕ್ಕೆ ಇಟ್ಟು, ಅಂದರೆ ಪೂರ್ತಿ ಜೂಮ್ ಮಾಡಿ, ಹತ್ತಿರ ಹೋಗಿ. ಗುಡ್ಡೆಯ ಚೂಪು ತುದಿ, ಎರಡೇ ಬಣ್ಣ, ನಡುವೆ ಒಂದು ಓರೆ ಗೆರೆ, ಅಷ್ಟು ಸಾಕು. ಅಂಗಡಿಯವರನ್ನು ಒಂದು ಮಾತು ಕೇಳಿ, ಬೇಡ ಅನ್ನೋದು ಕಡಿಮೆ.

ಚಿತ್ರಕಲಾ ಶಿಕ್ಷಕಿ, ಧಾರವಾಡ: ಆ ಕಪ್ಪು-ಬಿಳುಪು ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಬಾಳೆ ಎಲೆ ಮೇಲೆ ಕೆಂಪು ಮೆಣಸಿನಕಾಯಿ ಇಟ್ಟು ನೋಡಿ. ಬಣ್ಣ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಆಗಿಬಿಡಬಹುದು. ಹಾಗಂತ ಆ ಫೋಟೋ ಕೆಟ್ಟದ್ದಲ್ಲ. ಅಲ್ಲಿ ಕಾಯಿಯ ಆಕಾರವನ್ನು ಎಲೆಯಿಂದ ಬಿಡಿಸಿ ತೋರಿಸುತ್ತಿರುವುದೇ ಬಣ್ಣ. ನಿಮ್ಮ 10ರಲ್ಲಿ ಇಂಥವು ಕೆಲವಾದರೂ ಇರಲಿ, ಬಣ್ಣದ ಸರಣಿ ಅಂದ ಮೇಲೆ ಬೇಕಲ್ವಾ?

ಮೇಲಿನ ಮಂಡ್ಯದವರು: ಸರಿ ಮೇಡಂ, ಒಪ್ಪಿದೆ. ಆದರೆ ಹತ್ತೂ ಹಾಗೇ ಇದ್ದರೆ ಮತ್ತೆ ಅದೇ ಬೈಗುಳ.

ಪತ್ರಿಕೆ ಫೋಟೋಗ್ರಾಫರ್, ಬೆಂಗಳೂರು: ಸಂತೆಯಲ್ಲಿ ತೆಗೆಯೋದಾದರೆ ತಲೆ ಎತ್ತಿ ಟಾರ್ಪಾಲಿನ್ ನೋಡಿ. ನೀಲಿ ಟಾರ್ಪಾಲಿನ್ ಅಡಿ ಎಲ್ಲದಕ್ಕೂ ನೀಲಿ ಬಳಿದಂತಾಗುತ್ತದೆ. ಟೊಮೆಟೊ ನೇರಳೆ ಕಡೆಗೆ ವಾಲುತ್ತೆ, ಮಾರುವವರ ಮುಖ ಕಾಯಿಲೆ ಬಂದಂತೆ ಕಾಣುತ್ತೆ. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಸರಿಮಾಡುವುದು) ಫೋಟೋದಿಂದ ಫೋಟೋಗೆ ಬದಲಾಗುತ್ತೆ, ಸರಣಿ ಒಂದೇ ಥರ ಕಾಣಲ್ಲ. ಹೊರಗಿನ ಬೆಳಕಿಗೆ 'ಡೇಲೈಟ್' ಇಟ್ಟುಬಿಡಿ. ಟಾರ್ಪಾಲಿನ್ ಅಂಚಿನಲ್ಲಿ ಅರ್ಧ ಬಿಸಿಲು, ಅರ್ಧ ನೀಲಿ ಬೀಳುವ ಜಾಗ ಸಿಕ್ಕರೆ ಬಿಡಬೇಡಿ. ತಣ್ಣನೆ ಬಣ್ಣ, ಬೆಚ್ಚನೆ ಬಣ್ಣ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಹಾವೇರಿ ಕಡೆಯವನು: ಟೆಕ್ಸ್ಚರ್‌ಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗಿಂತ ಬೇಕೇನ್ರಿ? ಮೈತುಂಬ ಸುಕ್ಕು. ನಡು ಮಧ್ಯಾಹ್ನ ತೆಗೆದರೆ ಬರೀ ಕೆಂಪು ಹಾಸು. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ ಹೋಗಿ, ಪ್ರತಿ ಸುಕ್ಕಿಗೂ ಒಂದು ನೆರಳು. ಇನ್ನೊಂದು, ಅಚ್ಚ ಕೆಂಪು ಕ್ಯಾಮೆರಾದಲ್ಲಿ ಬೇಗ ಉಕ್ಕಿ ಸುಕ್ಕು ಅಳಿಸಿಹೋಗುತ್ತೆ. ಸಾದಾ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು-ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಚೆನ್ನಾಗೇ ಇದೆ ಅನ್ನಿಸುತ್ತೆ. ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಇದ್ದರೆ ಕೆಂಪು ಗೆರೆ ಬಲಗೋಡೆಗೆ ಬಡಿದಿದೆಯಾ ನೋಡಿ, ಬಡಿದಿದ್ದರೆ ಎಕ್ಸ್‌ಪೋಷರ್ (ಒಳಗೆ ಬರುವ ಬೆಳಕು) ಮೈನಸ್ 0.7 ಮಾಡಿ. ಚೆಂಡುಹೂವಿಗೂ ಇದೇ. ಆಮೇಲೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸೋ ಚಟ ಬಿಡಿ.

ಇನ್ನೊಬ್ಬ ವಿದ್ಯಾರ್ಥಿ: ರಘುಬೀರ್ ಸಿಂಗ್ (1942–1999) ಅವರ ಫೋಟೋ ನೋಡಿದೀರಾ? ಕಪ್ಪು-ಬಿಳುಪೇ ಕಲೆ ಅಂತಿದ್ದ ಕಾಲದಲ್ಲೂ ಬಣ್ಣದಲ್ಲೇ ತೆಗೆದವರು. ಅಂಬಾಸಿಡರ್ ಕಾರಿನ ಸರಣಿ ನೋಡಿ. ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳಿಂದ ಚೌಕಟ್ಟನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ನೋಟ ಕೊಟ್ಟಿದ್ದಾರೆ. ಅಷ್ಟು ಬಣ್ಣ ಇದ್ದರೂ ಗಲಿಬಿಲಿ ಆಗಲ್ಲ. ನಾನು ಇದನ್ನೇ ಬಸ್ಸಿನ ಕಿಟಕಿಯಲ್ಲಿ ಮಾಡ್ತಿದೀನಿ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಗೆರೆ, ನೆರಳಿನ ಕೆಲಸ ಬೇಗ ಅರ್ಥ ಆಗುತ್ತೆ.

ಚಿತ್ರಕಲಾ ಶಿಕ್ಷಕಿ, ಧಾರವಾಡ: ಪ್ರಿಂಟ್ ಕೊಡಬೇಕಿದ್ದರೆ ಫೈಲನ್ನು ಎಸ್‌ಆರ್‌ಜಿಬಿಯಲ್ಲಿ (ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ) ಸೇವ್ ಮಾಡಿ, ಹತ್ತನ್ನೂ ಒಟ್ಟಿಗೆ ಕೊಡುವ ಮುಂಚೆ ತುಂಬ ಕೆಂಪಿರುವ ಒಂದನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ ನೋಡಿ. ಪರದೆಯ ಮೇಲಿನ ಕೆಂಪು ಕಾಗದದ ಮೇಲೆ ಹಾಗೇ ಬರಲ್ಲ.